ನವೆಂಬರ್ 1ಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ: ಮಗುವಿನ ನಿದ್ದೆ, ಅಪ್ಪನ ಇನ್ಸುಲಿನ್, ವಾಟ್ಸ್‌ಆ್ಯಪ್ ಸಲಹೆಗಳು

ಡಲ್ಲಾಸ್_ಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದೀವಿ. 2026ರಲ್ಲಿ ಇಲ್ಲಿ ಬೇಸಿಗೆ ಸಮಯ (ಡೇಲೈಟ್ ಸೇವಿಂಗ್) ಮುಗಿದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗೋದು ನವೆಂಬರ್ 1ರ ಭಾನುವಾರ ಬೆಳಗಿನ ಜಾವ 2 ಗಂಟೆಗೆ, ಸರಿಯಾಗಿ ರಾಜ್ಯೋತ್ಸವದ ದಿನವೇ. ಮಗನಿಗೆ ನಾಲ್ಕು ವರ್ಷ. ರಾತ್ರಿ 8ಕ್ಕೆ ಮಲಗಿ ಬೆಳಗ್ಗೆ 6ಕ್ಕೆ ಏಳ್ತಾನೆ. ಪ್ರತಿ ನವೆಂಬರ್‌ನಲ್ಲೂ 5ಕ್ಕೇ ಎದ್ದು ಕೂರ್ತಾನೆ, ಸಂಜೆ 7ಕ್ಕೆ ಹಟ ಶುರು. ಇದು ವಾರಗಟ್ಟಲೆ ಎಳೆಯುತ್ತೆ.

ಈ ಸಲ ಮೈಸೂರಿನಿಂದ ಅಪ್ಪ ಅಮ್ಮನೂ ಬಂದಿದ್ದಾರೆ. ಅಪ್ಪನಿಗೆ ರಾತ್ರಿ 10ಕ್ಕೆ ಗ್ಲಾರ್ಜಿನ್ ಇನ್ಸುಲಿನ್, ಬೆಳಗ್ಗೆ ತಿಂಡಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಗ್ಲಿಮೆಪಿರೈಡ್, ಬಿಪಿಗೆ ಟೆಲ್ಮಿಸಾರ್ಟನ್. ಅಮ್ಮನಿಗೆ ಥೈರಾಯ್ಡ್ ಮಾತ್ರೆ. ಇವನ್ನೆಲ್ಲ ಹಳೇ ಟೈಮಿಗೆ ಕೊಡೋದಾ, ಹೊಸ ಟೈಮಿಗಾ?

ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆಗಳ ಸುರಿಮಳೆ. ಬ್ರಾಹ್ಮೀ ಮುಹೂರ್ತ ಅಂತ ನಾಲ್ಕೂವರೆಗೆ ಏಳಿ, ಎದ್ದ ತಕ್ಷಣ ಬೆಳಕಿಗೆ ಮುಖ ಒಡ್ಡಿ, ಮಲಗೋ ಮುಂಚೆ ಅರಿಶಿನದ ಹಾಲು, ಎಂಟು ಗಂಟೆ ನಿದ್ದೆ ಕಡ್ಡಾಯ. ಇಲ್ಲಿನ ಕೆಲವರು ಮಕ್ಕಳಿಗೆ ನಿದ್ದೆಗೆ ಅಂತ ಮೆಲಟೋನಿನ್ ಗಮ್ಮಿ (ಮಿಠಾಯಿ ಥರದ್ದು) ಕೊಡಿ ಅಂತಾರೆ. ಇದರಲ್ಲಿ ಯಾವುದು ಕೆಲಸಕ್ಕೆ ಬರುತ್ತೆ?

ಬೆಳಕು_ನೆರಳು:

ಈ ಸಲಹೆಗಳಲ್ಲಿ ಹೆಚ್ಚಿನವು ಪೂರ್ತಿ ಸುಳ್ಳಲ್ಲ. ಆದರೆ ಮಾರ್ಚ್‌ಗೆ ಹೊಂದುವ ಮಾತನ್ನು ನವೆಂಬರ್‌ನಲ್ಲಿ ಹೇಳ್ತಿದ್ದಾರೆ, ತೊಂದರೆ ಅಲ್ಲಿದೆ. ಮಾರ್ಚ್‌ನಲ್ಲಿ ಗಡಿಯಾರ ಮುಂದಕ್ಕೆ ಹೋಗುತ್ತೆ, ಆಗ ಮೈಗೆ ಬೇಗ ಮಲಗಿ ಬೇಗ ಏಳೋದನ್ನ ಕಲಿಸಬೇಕು. ನವೆಂಬರ್‌ನಲ್ಲಿ ತದ್ವಿರುದ್ಧ: ತಡವಾಗಿ ಮಲಗಿ ತಡವಾಗಿ ಏಳೋದನ್ನ ಕಲಿಸಬೇಕು. ಯಾವ ಉಪಾಯ ಯಾವ ಕಡೆಗೆ ತಳ್ಳುತ್ತೆ ಅಂತ ನೋಡದೆ ಮಾಡಿದರೆ ಇದ್ದ ತೊಂದರೆ ಗಟ್ಟಿಯಾಗುತ್ತೆ. ನಿಮ್ಮ ಮಗನ ವಿಷಯದಲ್ಲಿ ಆಗ್ತಿರೋದೂ ಬಹುಶಃ ಅದೇ.

ಮೈಯೊಳಗಿನ ಗಡಿಯಾರವನ್ನು ತಿರುಗಿಸೋ ದೊಡ್ಡ ಕೈ ಬೆಳಕು. ಬೆಳಗಿನ ಹೊತ್ತು ಕಣ್ಣಿಗೆ ಬೀಳೋ ಬೆಳಕು ಆ ಗಡಿಯಾರವನ್ನು ಬೇಗದ ಕಡೆಗೆ ಎಳೆಯುತ್ತೆ, ಅಂದರೆ ಮರುದಿನ ನಿದ್ದೆಯೂ ಎಚ್ಚರವೂ ಬೇಗ ಬರುತ್ತವೆ. ಸಂಜೆ ಮತ್ತು ರಾತ್ರಿಯ ಬೆಳಕು ಅದನ್ನು ತಡದ ಕಡೆಗೆ ತಳ್ಳುತ್ತೆ. ಈಗ ಡಲ್ಲಾಸ್ ನೋಡಿ. ಅಕ್ಟೋಬರ್ 31ರಂದು ಸೂರ್ಯ ಹುಟ್ಟೋದು ಸುಮಾರು 7:45ಕ್ಕೆ, ಮರುದಿನ ಗಡಿಯಾರದ ಪ್ರಕಾರ 6:45ಕ್ಕೆ. ಸಂಜೆ ಸುಮಾರು 5:35ಕ್ಕೇ ಮುಳುಗುತ್ತೆ. ಬೆಳಗ್ಗೆ ಬೆಳಕು ಜಾಸ್ತಿ, ಸಂಜೆ ಕಡಿಮೆ. ಅದರ ಮೇಲೆ 5ಕ್ಕೆ ಎದ್ದ ಮಗುವಿಗೆ ಹಾಲ್‌ನ ಲೈಟ್ ಹಾಕಿ, ಹಾಲು ಕೊಟ್ಟು, ಟ್ಯಾಬ್ ಕೈಗೆ ಕೊಟ್ಟರೆ "ಏಳೋ ಹೊತ್ತು ಇದೇ" ಅಂತ ಮೈ ಒಪ್ಪಿಕೊಳ್ಳುತ್ತೆ.

ಮುಂಚೆಯೇ ಶುರು ಮಾಡಿ. ಬುಧವಾರ ಅಕ್ಟೋಬರ್ 28ಕ್ಕೆ 8:15ಕ್ಕೆ ಮಲಗಿಸಿ, ಗುರುವಾರ 8:30, ಶುಕ್ರವಾರ 8:45, ಶನಿವಾರ 9. ಭಾನುವಾರ ಹೊಸ ಗಡಿಯಾರದಲ್ಲಿ 8 ಅಂದರೆ ಹಳೇ 9, ಸರಿಹೋಯ್ತು. ಮಲಗೋ ಹೊತ್ತು ಒಂದನ್ನೇ ಜರುಗಿಸಿದರೆ ಸಾಲದು. ರಾತ್ರಿ ಊಟ, ಸ್ನಾನ, ಕಥೆ ಎಲ್ಲವೂ ಅದರ ಜೊತೆಗೇ ಕಾಲು ಗಂಟೆ ಕಾಲು ಗಂಟೆ ಜರುಗಬೇಕು. ಆ ನಾಲ್ಕು ದಿನ ಸಂಜೆ ಹೊರಗೆ ಆಡಿಸಿ, ಊಟದ ಹೊತ್ತಿನಲ್ಲಿ ಮನೆಯ ದೀಪ ಚೆನ್ನಾಗಿ ಉರಿಯಲಿ. ಮಲಗೋಕೆ ಅರ್ಧ ಗಂಟೆ ಮುಂಚೆ ಮಾತ್ರ ಮಂದ ಮಾಡಿ. ಬೆಳಗ್ಗೆ ಅವನ ಕೋಣೆ ಕತ್ತಲಾಗಿರಲಿ. ಪರದೆಯ ಪಕ್ಕದ ಸಂದಿಯಿಂದ ಬೀದಿ ದೀಪದ ಬೆಳಕು ಬರುತ್ತಿದ್ದರೆ ಅಂಚನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ. ಕೆಲವು ಮನೆಗಳಲ್ಲಿ ಇಷ್ಟೇ ಮಾಡಿದರೂ ಸಾಕಾಗುತ್ತೆ.

ಬಹಳ ಮನೆಗಳಲ್ಲಿ ನಡೆಯೋದು ಹೀಗೆ: ಶನಿವಾರ ಒಂದೇ ರಾತ್ರಿ 10ರವರೆಗೆ ಎಚ್ಚರ ಇಟ್ಟು, ನಾಳೆ ತಡವಾಗಿ ಏಳ್ತಾನೆ ಅಂದುಕೊಳ್ಳೋದು. ಏಳಲ್ಲ. ಮಲಗೋ ಹೊತ್ತನ್ನ ಒಂದು ರಾತ್ರಿಯಲ್ಲಿ ಬದಲಿಸಬಹುದು, ಮೈಯೊಳಗಿನ ಗಡಿಯಾರ ಒಂದು ರಾತ್ರಿಯಲ್ಲಿ ಬದಲಾಗಲ್ಲ. ಮಗು ಎಂದಿನ ಹೊತ್ತಿಗೇ ಎದ್ದು, ಎರಡು ಗಂಟೆ ನಿದ್ದೆ ಕಡಿಮೆಯಾಗಿ, ಇಡೀ ಭಾನುವಾರ ಅಳುತ್ತೆ. ಅವತ್ತೇ ಕನ್ನಡ ಕೂಟದ ಕಾರ್ಯಕ್ರಮ ಇದ್ದರಂತೂ ಕೇಳೋದೇ ಬೇಡ.

ಮೆಲಟೋನಿನ್ ವಿಚಾರವನ್ನ ಒತ್ತಿ ಹೇಳ್ತೀನಿ. ಸಂಜೆ ತಗೊಂಡ ಮೆಲಟೋನಿನ್ ಮೈಯ ಗಡಿಯಾರವನ್ನು ಬೇಗದ ಕಡೆಗೇ ತಳ್ಳುತ್ತೆ. ನವೆಂಬರ್‌ನಲ್ಲಿ ನಿಮಗೆ ಬೇಕಿರೋದು ಅದರ ವಿರುದ್ಧ. ಹಾಗಾಗಿ ಗಮ್ಮಿ ಕೊಟ್ಟ ಮಗು ಬೇಗ ಮಲಗಿ 4:45ಕ್ಕೆ ಎದ್ದರೆ ಆಶ್ಚರ್ಯ ಇಲ್ಲ. ಜೊತೆಗೆ ಅಮೆರಿಕದಲ್ಲಿ ಅದು ಔಷಧಿಯಾಗಿ ಅಲ್ಲ, ಪೂರಕ ಆಹಾರವಾಗಿ ಮಾರಾಟವಾಗುತ್ತೆ. 2023ರಲ್ಲಿ ಅಲ್ಲಿನ 25 ಬಗೆಯ ಗಮ್ಮಿಗಳನ್ನು ಪರೀಕ್ಷೆ ಮಾಡಿದಾಗ 22ರಲ್ಲಿ ಚೀಟಿಯ ಮೇಲಿದ್ದ ಪ್ರಮಾಣಕ್ಕೂ ಒಳಗಿದ್ದ ಪ್ರಮಾಣಕ್ಕೂ ತಾಳೆಯಾಗಲಿಲ್ಲ, ಒಂದರಲ್ಲಿ ಮೆಲಟೋನಿನ್ ಸಿಗಲೇ ಇಲ್ಲ. ನಾಲ್ಕು ವರ್ಷದ ಮಗುವಿಗೆ ಮಕ್ಕಳ ಡಾಕ್ಟರನ್ನು ಕೇಳದೆ ಕೊಡಬೇಡಿ. ಮನೆಯಲ್ಲಿ ದೊಡ್ಡವರಿಗೆ ಅಂತ ತಂದಿಟ್ಟಿದ್ದರೂ ಎತ್ತರದಲ್ಲಿ, ಬೀಗದೊಳಗೆ ಇಡಿ. ನೋಡೋಕೆ ಮಿಠಾಯಿ ಥರಾನೇ ಇರುತ್ತೆ.

ಮಾತ್ರೆ_ಡಬ್ಬಿ:

ಔಷಧಿಗಳ ಬಗ್ಗೆ ನಾನು ಹೇಳ್ತೀನಿ.

ಟೆಲ್ಮಿಸಾರ್ಟನ್ 24 ಗಂಟೆ ಕೆಲಸ ಮಾಡೋ ಮಾತ್ರೆ. ಒಂದು ಗಂಟೆ ಆಚೀಚೆ ಆದರೆ ಏನೂ ಆಗಲ್ಲ, ಭಾನುವಾರದಿಂದಲೇ ಹೊಸ ಟೈಮಿಗೆ ಕೊಡಿ. ಅಮ್ಮನ ಥೈರಾಯ್ಡ್ ಮಾತ್ರೆಯೂ ಅಷ್ಟೇ. ಅಲ್ಲಿ ಗಡಿಯಾರಕ್ಕಿಂತ ಖಾಲಿ ಹೊಟ್ಟೆ ಮುಖ್ಯ. ನೀರಿನಲ್ಲಿ ನುಂಗಿ ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಹೊಸ ಟೈಮಿನಲ್ಲಿ 5ಕ್ಕೆ ಎಚ್ಚರವಾಯ್ತು ಅಂತ ಫಿಲ್ಟರ್ ಕಾಫಿ ಮೊದಲು ಕುಡಿದು ಆಮೇಲೆ ಮಾತ್ರೆ ನುಂಗಿದರೆ ಮೈಗೆ ಹತ್ತೋದು ಕಡಿಮೆಯಾಗುತ್ತೆ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ಅದಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು.

ಗ್ಲಾರ್ಜಿನ್ ದೀರ್ಘಕಾಲದ ಇನ್ಸುಲಿನ್. ಶನಿವಾರ ರಾತ್ರಿ 10ರಿಂದ ಭಾನುವಾರ ರಾತ್ರಿ ಹೊಸ 10ಕ್ಕೆ 25 ಗಂಟೆ ಆಗುತ್ತೆ. ಸಾಮಾನ್ಯವಾಗಿ ಇದರಿಂದ ತೊಂದರೆ ಇಲ್ಲ. ಆದರೂ ಡಾಕ್ಟರಿಗೆ ಮುಂಚೆ ಒಂದು ಫೋನ್ ಮಾಡಿ ಕೇಳಿ, ಅದರಲ್ಲೂ ಅಪ್ಪನಿಗೆ ಈ ಹಿಂದೆ ಸಕ್ಕರೆ ಇಳಿದಿದ್ದರೆ. ಮಾರ್ಚ್ 14, 2027ಕ್ಕೆ ಮುಂದಕ್ಕೆ ಹೋಗುವಾಗ ಅಂತರ 23 ಗಂಟೆ. ಆಗಲೂ ಇದೇ ಪ್ರಶ್ನೆ ಕೇಳಿಟ್ಟುಕೊಳ್ಳಿ.

ಜಾಗ್ರತೆ ಬೇಕಿರೋದು ಗ್ಲಿಮೆಪಿರೈಡ್‌ಗೆ. ಅದು ಹೊಟ್ಟೆಯಲ್ಲಿ ಊಟ ಇರಲಿ ಬಿಡಲಿ ಇನ್ಸುಲಿನ್ ಹೊರಡಿಸುತ್ತೆ. ಅಪ್ಪ ಮೈಯ ಲೆಕ್ಕದಲ್ಲಿ ಎದ್ದು, ಹೊಸ ಗಡಿಯಾರ 6:30 ತೋರಿಸುವಾಗ ಎಂದಿನಂತೆ ಮಾತ್ರೆ ನುಂಗ್ತಾರೆ ಅನ್ನಿ. ಮನೆಯವರು ಒಂದು ಗಂಟೆ ಜಾಸ್ತಿ ಸಿಕ್ಕಿತು ಅಂತ ಮಲಗಿದ್ದು, ದೋಸೆ ಕಾವಲಿ ಒಲೆ ಮೇಲೆ ಏರೋದು 9ಕ್ಕೆ. ಆ ಎರಡೂವರೆ ಗಂಟೆಯಲ್ಲಿ ಸಕ್ಕರೆ ಇಳಿಯುತ್ತೆ. ಹಾಗಾಗಿ ತಿಂಡಿಯ ತಟ್ಟೆ ಮುಂದೆ ಬಂದ ಮೇಲೇ ಮಾತ್ರೆ. ಬೆವರು, ಕೈ ನಡುಕ, ಮಾತು ತಡವರಿಸೋದು ಕಂಡರೆ ತಕ್ಷಣ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 911ಕ್ಕೆ ಫೋನ್ ಮಾಡಿ.

ಇನ್ನೊಂದು: ಫೋನು ತಾನೇ ಟೈಮ್ ಬದಲಿಸಿಕೊಳ್ಳುತ್ತೆ, ಕಡ್ಡಿ ಹಾಕಿ ನೋಡೋ ಸಕ್ಕರೆ ಮೀಟರು ಮತ್ತು ಬಿಪಿ ಮೆಷಿನ್ನು ಸಾಮಾನ್ಯವಾಗಿ ಬದಲಿಸಿಕೊಳ್ಳಲ್ಲ. ಅದರ ನೆನಪಿನಲ್ಲಿರೋ ಅಂಕಿಗಳನ್ನು ಡಾಕ್ಟರು ನೋಡುವಾಗ ತಿಂಡಿಗೆ ಮುಂಚಿನದು, ನಂತರದ್ದು ಅನ್ನೋದು ಅದಲುಬದಲಾಗುತ್ತೆ. ಭಾನುವಾರ ಬೆಳಗ್ಗೆ ಮೊದಲು ಅದನ್ನ ಸರಿಮಾಡಿ. ಅಪ್ಪನ ಕೈಗಡಿಯಾರವನ್ನೂ.

(ಪಾರ್ಕಿನ್ಸನ್‌ಗೆ ಲೆವೊಡೋಪಾ ತಗೊಳ್ಳೋರು, ಮೂರ್ಛೆ ರೋಗದ ಮಾತ್ರೆಯವರು ಯಾರಾದರೂ ಇದನ್ನ ಓದ್ತಿದ್ದರೆ: ನಿಮಗೆ ಈ "ಒಂದು ಗಂಟೆ ಏನಾಗಲ್ಲ" ಅನ್ನೋ ಮಾತು ಅನ್ವಯಿಸಲ್ಲ. ಹೊತ್ತನ್ನ ಹೇಗೆ ಜರುಗಿಸಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.)

ಹುಬ್ಬಳ್ಳಿ_ಪಾಳಿ:

ಬೆಂಗಳೂರಾಗ ಕೂತು ಅಮೆರಿಕದ ಟೀಮ್ ಜೋಡಿ ಕೆಲಸ ಮಾಡೋ ಮಂದಿಗೂ ಇದು ಬಡೀತದ, ಅದಕ್ಕ ಬರೀತೀನಿ. ನಮ್ಮ ಗಡಿಯಾರ ಅಲ್ಲಾಡಂಗಿಲ್ಲ, ಅವರದು ಅಲ್ಲಾಡ್ತದ. ಡಲ್ಲಾಸ್‌ನ ಮುಂಜಾನೆ 9:30ರ ಮೀಟಿಂಗ್ ಈಗ ನಮಗ ರಾತ್ರಿ 8ಕ್ಕ. ನವೆಂಬರ್ 2ರಿಂದ ಅದು 9ಕ್ಕ. ಕ್ಯಾಲಿಫೋರ್ನಿಯಾದ 9 ಗಂಟೆ ಅಂದ್ರ ಈಗ 9:30, ಆಮ್ಯಾಲೆ 10:30.

ಕ್ಯಾಲೆಂಡರ್‌ನ್ಯಾಗ ಮೀಟಿಂಗ್ ಯಾರು ಹಾಕ್ಯಾರ ನೋಡ್ರಿ. ಅಮೆರಿಕದವರು ಅವರ ಟೈಮಿಗೆ ಹಾಕಿದ್ರ ನಮಗ ಒಂದ್ ತಾಸು ತಡ ಆಗ್ತದ. ನಾವು ಭಾರತದ ಟೈಮಿಗೆ ಹಾಕಿದ್ರ ನಮಗ 8ಕ್ಕೇ ಉಳೀತದ, ಅವರಿಗೆ 8:30 ಆಗ್ತದ. ಯಾರಿಗೆ ಸರಿಹೊಂದ್ತದ ಅಂತ ಅಕ್ಟೋಬರ್‌ನ್ಯಾಗೇ ಮಾತಾಡಿ ಮುಗಿಸ್ರಿ. ಲಂಡನ್ನಿನವರೂ ಅದೇ ಮೀಟಿಂಗಿಗೆ ಬರ್ತಿದ್ರ ಇನ್ನೊಂದು ತೊಡಕು ಅದ: ಅವರ ಗಡಿಯಾರ ಒಂದು ವಾರ ಮೊದಲೇ, ಅಕ್ಟೋಬರ್ 25ಕ್ಕ ಹಿಂದಕ್ಕ ಹೋಗ್ತದ. ಆ ವಾರ ಲಂಡನ್ನಿಗೂ ಡಲ್ಲಾಸಿಗೂ 6 ತಾಸಿನ ಬದಲು 5 ತಾಸಿನ ಅಂತರ. ಅರಿಜೋನಾದಾಗ ನವಾಜೋ ಜನರ ಪ್ರದೇಶ ಬಿಟ್ಟು ಉಳಿದ ಕಡೆ ಗಡಿಯಾರ ಬದಲಿಸಂಗೇ ಇಲ್ಲ, ಹಂಗಾಗಿ ಫೀನಿಕ್ಸ್ ಮಂದಿ ಜೋಡಿ ಮೀಟಿಂಗ್ ಇದ್ರ ಹೊತ್ತು ಅದೇ ಇರ್ತದ.

ಊಟ ಮೀಟಿಂಗ್ ಮುಗಿದ ಮ್ಯಾಲೆ ಅಂತ ಇಡಬ್ಯಾಡ್ರಿ, 8ಕ್ಕ ಮುಗಿಸ್ರಿ. 10:30ಕ್ಕ ಮೀಟಿಂಗ್ ಮುಗಿಸಿ ರೊಟ್ಟಿ ಪಲ್ಯ ತಿಂದು ಮಲಗಿದ್ರ ಎದಿ ಉರೀತದ, ನಿದ್ದಿ ಬರಂಗಿಲ್ಲ. ಮೀಟಿಂಗ್ ತಡ ಆತು ಅಂತ ಸಂಜೀಕ ಇನ್ನೊಂದು ಚಹಾ ಹಾಕೋದೂ ಬ್ಯಾಡ. ಒಳಗ ಹೋದ ಕೆಫೀನ್ ಅರ್ಧಕ್ಕ ಇಳಿಯೋದಕ್ಕ ಸುಮಾರು 5 ತಾಸು ಬೇಕು.

ಡಲ್ಲಾಸ್_ಮನೆ:

ಎಲ್ಲರಿಗೂ ಧನ್ಯವಾದ. ಗ್ಲಿಮೆಪಿರೈಡ್ ವಿಷಯ ಗೊತ್ತೇ ಇರಲಿಲ್ಲ. ಎರಡು ಪ್ರಶ್ನೆ ಉಳೀತು. ಮುಂಚಿನ ನಾಲ್ಕು ದಿನ ತಯಾರಿ ಮಾಡಿಯೂ ಮಗ 5ಕ್ಕೇ ಎದ್ದರೆ ಏನು ಮಾಡೋದು? ಮತ್ತೆ ಅಪ್ಪ ನಾಲ್ಕೂವರೆ ಅಲಾರಂ ಬಿಡೋಕೆ ಒಪ್ತಿಲ್ಲ. 8:30ಕ್ಕೇ ಹಾಲು ಕುಡಿದು ಮಲಗ್ತಾರೆ, 2 ಗಂಟೆಗೆ ಎಚ್ಚರವಾಗಿ ಹೊರಳಾಡ್ತಾರೆ.

ಬೆಳಕು_ನೆರಳು:

ಮಗ 5ಕ್ಕೆ ಎದ್ದರೆ ಕೋಣೆಯಿಂದ ಹೊರಗೆ ಕರೀಬೇಡಿ. ಹೊತ್ತು ಹೊಂದಿಸಿ ಇಡಬಹುದಾದ, ಬಣ್ಣ ಬದಲಿಸೋ ಮಕ್ಕಳ ದೀಪ ಸಿಗುತ್ತೆ. ಹಸಿರಾಗೋ ತನಕ ಹಾಸಿಗೆಯಲ್ಲೇ ಇರಬೇಕು ಅನ್ನೋ ನಿಯಮ ನಾಲ್ಕು ವರ್ಷದವನಿಗೆ ಅರ್ಥವಾಗುತ್ತೆ. ಮೊದಲ ದಿನವೇ 6ಕ್ಕೆ ಇಡಬೇಡಿ, ಅಷ್ಟು ಹೊತ್ತು ಕಾಯೋಕೆ ಅವನಿಂದ ಆಗಲ್ಲ, ನಿಯಮವೇ ಮುರಿದುಹೋಗುತ್ತೆ. ಎದ್ದ ಹೊತ್ತಿನಿಂದ 10 ನಿಮಿಷ ಮುಂದಕ್ಕೆ ಇಡಿ, ಎರಡು ದಿನಕ್ಕೊಮ್ಮೆ 10 ನಿಮಿಷ ಜಾಸ್ತಿ ಮಾಡಿ. 6ರ ತನಕ ಹಾಲು, ತಿಂಡಿ, ಟ್ಯಾಬ್ ಯಾವುದೂ ಬೇಡ. 5:15ಕ್ಕೆ ಹಾಲು ಸಿಗುತ್ತೆ ಅಂತ ಗೊತ್ತಾದರೆ ಹೊಟ್ಟೆಯೂ ಆ ಹೊತ್ತಿಗೇ ಎಬ್ಬಿಸುತ್ತೆ. ಡೇಕೇರ್‌ನಲ್ಲಿ ಮಧ್ಯಾಹ್ನ ಮಲಗಿಸುತ್ತಿದ್ದರೆ 45 ನಿಮಿಷಕ್ಕೆ ಎಬ್ಬಿಸೋಕೆ ಹೇಳಿ, ಇಲ್ಲಾಂದರೆ ರಾತ್ರಿಯ ನಿದ್ದೆಯಲ್ಲೇ ಅದು ಕಡಿತವಾಗುತ್ತೆ. ಈ ವಯಸ್ಸಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಎಂಟು ಗಂಟೆಯ ಲೆಕ್ಕ ಅವನಿಗೆ ಹೊಂದಲ್ಲ. ದೊಡ್ಡವರಿಗೆ ಕನಿಷ್ಠ 7 ಗಂಟೆ ಅನ್ನೋದು ಸಾಮಾನ್ಯ ಸಲಹೆ, 8 ಆಗಲಿಲ್ಲ ಅಂತ ಕೊರಗಬೇಕಿಲ್ಲ.

ನಿಮ್ಮ ಅಪ್ಪನಿಗೆ ಅವರ ಮಾತಿನಲ್ಲೇ ವಿವರಿಸಿ. ಬ್ರಾಹ್ಮೀ ಮುಹೂರ್ತ ಅನ್ನೋದು ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಇರುತ್ತೆ. ಅದು ಸೂರ್ಯನ ಲೆಕ್ಕ. ನಾಲ್ಕೂವರೆ ಅನ್ನೋದು ಊರಿನ ಸೂರ್ಯೋದಯಕ್ಕೆ ಹೊಂದಿಕೊಂಡ ರೂಢಿ. ಡಲ್ಲಾಸ್‌ನಲ್ಲಿ ಅಕ್ಟೋಬರ್ 31ಕ್ಕೆ ಆ ಮುಹೂರ್ತ ಬೀಳೋದು ಸುಮಾರು 6:10ಕ್ಕೆ, ನವೆಂಬರ್ 1ಕ್ಕೆ ಸುಮಾರು 5:10ಕ್ಕೆ. ಶಾಸ್ತ್ರ ಪಾಲಿಸಿಯೇ ಇನ್ನಷ್ಟು ಹೊತ್ತು ಮಲಗಬಹುದು.

8:30ಕ್ಕೆ ಮಲಗಿ 2ಕ್ಕೆ ಎಚ್ಚರ ಅಂದರೆ ಐದೂವರೆ ಗಂಟೆ ನಿದ್ದೆ ಆಗಿಬಿಟ್ಟಿದೆ. ಆ ವಯಸ್ಸಿನಲ್ಲಿ ಉಳಿದದ್ದು ತುಂಡು ತುಂಡಾಗೋದು ಸಹಜ. ಮಲಗೋದನ್ನ ಮೆಲ್ಲಗೆ 10ಕ್ಕೆ ಜರುಗಿಸಿ, ಹೇಗೂ ಇನ್ಸುಲಿನ್ ಹೊತ್ತು ಅದೇ. ಸಂಜೆ 5ರ ಒಳಗೆ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಯಲಿ, ರಾತ್ರಿ 9ರ ತನಕ ದೀಪದ ಬೆಳಕಿನಲ್ಲಿ ಕೂತಿರಲಿ. ಬೆಳಗ್ಗೆ ಬೇಗ ಎಚ್ಚರವಾದರೆ ಜಪಕ್ಕೆ ಮಂದ ದೀಪ ಸಾಕು. ಎದ್ದ ತಕ್ಷಣ ಜೋರು ಬೆಳಕು ಅನ್ನೋ ಸಲಹೆ ಮಾರ್ಚ್‌ಗೆ ಇರಲಿ. ಎಚ್ಚರವಾಗಿ 20 ನಿಮಿಷ ಆದ ಹಾಗೆ ಅನಿಸಿದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕುರ್ಚಿಯಲ್ಲಿ ಕೂರಲಿ, ಕಣ್ಣು ಎಳೆದಾಗ ಮತ್ತೆ ಮಲಗಲಿ. ಗಡಿಯಾರ ನೋಡೋದು ಬೇಡ. ಹಾಲಿನಿಂದ ನಿದ್ದೆ ಬರುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಕುಡಿಯೋದೇ ಆದರೆ ಮಲಗೋಕೆ ಎರಡು ಗಂಟೆ ಮುಂಚೆ, ಅರ್ಧ ಲೋಟ. ಮಲಗೋ ಹೊತ್ತಿಗೆ ಲೋಟ ತುಂಬ ಕುಡಿದರೆ 2 ಗಂಟೆಗೆ ಬಾತ್‌ರೂಮಿಗೆ ಎಬ್ಬಿಸೋದು ಅದೇ ಹಾಲು ಇರಬಹುದು.

ಮಾತ್ರೆ_ಡಬ್ಬಿ:

ಒಂದು ಸೇರಿಸ್ತೀನಿ. ರಾತ್ರಿ 2ಕ್ಕೆ ಎಚ್ಚರವಾದಾಗ ಬನಿಯನ್ ಬೆವರಿನಿಂದ ಒದ್ದೆಯಾಗಿತ್ತಾ, ಹಸಿವಾಗಿತ್ತಾ ಅಂತ ಅಪ್ಪನನ್ನು ಕೇಳಿ. ಇನ್ಸುಲಿನ್ ತಗೊಳ್ಳೋರಿಗೆ ನಡುರಾತ್ರಿ ಸಕ್ಕರೆ ಇಳಿದರೂ ಹೀಗೆ ಎಚ್ಚರವಾಗುತ್ತೆ. ಎರಡು ಮೂರು ರಾತ್ರಿ ಆ ಹೊತ್ತಿಗೆ ಒಂದು ಕಡ್ಡಿ ಹಾಕಿ ನೋಡಿ, ಅಂಕಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಸಕ್ಕರೆ ತುಂಬಾ ಏರಿದ್ದರೂ ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತೆ, ಅದನ್ನೂ ಅದೇ ಕಡ್ಡಿ ಹೇಳುತ್ತೆ. ಅಂಕಿಗಳು ಸರಿ ಇದ್ದು, ಜೋರು ಗೊರಕೆಯ ನಡುವೆ ಉಸಿರು ನಿಂತ ಹಾಗೆ ಅಮ್ಮನಿಗೆ ಕಂಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಆಗ ಗಡಿಯಾರದ ವಿಷಯ ಬದಿಗಿಟ್ಟು ಮೊದಲು ನಿದ್ದೆಯ ಪರೀಕ್ಷೆ ಮಾಡಿಸಬೇಕಾಗುತ್ತೆ.