ಊರು ಬಿಡುವುದೋ, ಆ ನೆಲವನ್ನಷ್ಟೇ ಬಿಡುವುದೋ?

ಪ್ರಶ್ನೆ (ಸೇಂಟ್ ಪೀಟರ್ಸ್‌ಬರ್ಗ್, ಫ್ಲೋರಿಡಾ):

ಅಕ್ಕ, ನಮಸ್ಕಾರ. ಮನೆ ತಪಾಸಣೆಯ ಬಗ್ಗೆ ನೀವು ಗುಂಪಿನಲ್ಲಿ ಬರೆಯುವುದನ್ನೆಲ್ಲ ಓದುತ್ತೇನೆ. ಇವತ್ತು ನನ್ನದೇ ಮನೆಯ ಪ್ರಶ್ನೆ.

2014ರಿಂದ ಶೋರ್ ಏಕರ್ಸ್ ಬಡಾವಣೆಯಲ್ಲಿದ್ದೇವೆ. 1962ರಲ್ಲಿ ಕಟ್ಟಿದ ಒಂದೇ ಅಂತಸ್ತಿನ ಮನೆ. 2017ರಲ್ಲಿ ಇರ್ಮಾ ಚಂಡಮಾರುತ ಬಂದಾಗ ಅತ್ತೆಯನ್ನೂ ಮಗುವನ್ನೂ ಕರೆದುಕೊಂಡು ಓಡಿದೆವು, ಮನೆಗೇನೂ ಆಗಲಿಲ್ಲ. 2022ರ ಇಯಾನ್ ನಮ್ಮ ಮೇಲೇ ಬರುತ್ತದೆ ಎಂದಿದ್ದರು, ಕೊನೆಗೆ ದಕ್ಷಿಣಕ್ಕೆ ತಿರುಗಿತು. 2023ರ ಇಡಾಲಿಯಾಕ್ಕೆ ನಾಲ್ಕು ಇಂಚು ನೀರು ಒಳಗೆ ಬಂತು. ನೆಲಹಾಸು ಬದಲಿಸಿ, ಇನ್ನು ಬಹಳ ವರ್ಷ ಚಿಂತೆಯಿಲ್ಲ ಎಂದುಕೊಂಡೆವು. ಹದಿಮೂರೇ ತಿಂಗಳಿಗೆ ಹೆಲೀನ್ ಬಂತು. ಈ ಸಲ ಮೂವತ್ತು ಇಂಚು. ವಾಪಸು ಬಂದು ಬಾಗಿಲು ತೆಗೆದರೆ ಫ್ರಿಜ್ ಅಡುಗೆಮನೆಯಲ್ಲಿ ಮಲಗಿತ್ತು, ಅಕ್ಕಿ ಡಬ್ಬಿ ಹಜಾರಕ್ಕೆ ತೇಲಿಬಂದಿತ್ತು. ಊರಿಂದ ತಂದ ರುಬ್ಬುವ ಕಲ್ಲೊಂದು ಮಾತ್ರ ಇಟ್ಟಲ್ಲೇ ಇತ್ತು. ಕಿತ್ತು ಹಾಕಿದ ಗೋಡೆ, ಹಾಸಿಗೆಗಳೆಲ್ಲ ಇನ್ನೂ ಬೀದಿಯಲ್ಲಿ ರಾಶಿ ಬಿದ್ದಿರುವಾಗಲೇ ಎರಡು ವಾರದೊಳಗೆ ಮಿಲ್ಟನ್.

ಈಗ ಬ್ರ್ಯಾಂಡನ್‌ನಲ್ಲಿ ಬಾಡಿಗೆಗಿದ್ದೇವೆ. ಮನೆಯವರು ರಿಪೇರಿ ಮಾಡಿಸಿ ಹಿಂತಿರುಗೋಣ ಎನ್ನುತ್ತಾರೆ. ನನಗೆ ಜಾರ್ಜಿಯಾಕ್ಕೋ ಉತ್ತರ ಕೆರೊಲಿನಾಕ್ಕೋ ಹೋಗಿಬಿಡುವ ಮನಸ್ಸು. ನಮ್ಮ ಅಜ್ಜಿ ಸಾಗರ ತಾಲೂಕಿನ ಕಡೆಯವರು, ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ ಕಳೆದುಕೊಂಡವರು. ಸಾಯುವವರೆಗೂ ಆ ಅಂಗಳದ ಮಾತು ಬಿಡಲಿಲ್ಲ. ನಾನಾಗಿಯೇ ಮನೆ ಬಿಡುವ ಮಾತೆತ್ತಿದರೆ ಏನೋ ತಪ್ಪು ಮಾಡುತ್ತಿರುವಂತೆ ಅನಿಸುತ್ತದೆ. ನಗರಸಭೆಯಿಂದ ಯಾವುದೋ ‘ಶೇ. 50’ರ ಪತ್ರವೂ ಬಂದಿದೆ, ಅರ್ಥವಾಗಲಿಲ್ಲ. ದಾರಿ ತೋರಿಸಿ.

ಉತ್ತರ (ಕಟ್ಟಡ ಎಂಜಿನಿಯರ್, ಟ್ಯಾಂಪಾ):

ನಮಸ್ಕಾರ. ಹದಿನೆಂಟು ವರ್ಷಗಳಿಂದ ಚಂಡಮಾರುತ ಕಳೆದ ಮೇಲೆ ಮನೆಗಳನ್ನು ನೋಡುವುದೇ ನನ್ನ ಕೆಲಸ. ನಿಮ್ಮ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಆ ರುಬ್ಬುವ ಕಲ್ಲು ಕಣ್ಣಿಗೆ ಕಟ್ಟಿತು.

ಮೊದಲು ಒಂದು ಗಂಟು ಬಿಡಿಸೋಣ. ನೀವು ಚಂಡಮಾರುತಕ್ಕೆ ಹೆದರಿ ರಾಜ್ಯ ಬಿಡುವ ಯೋಚನೆಯಲ್ಲಿದ್ದೀರಿ. ನಿಮ್ಮ ಮನೆ ಹಾಳಾದದ್ದು ಗಾಳಿಯಿಂದಲ್ಲ, ನೀರಿನಿಂದ. ಹೆಲೀನ್‌ನ ಕಣ್ಣು, ಅಂದರೆ ಸುಳಿಯ ನಡುಭಾಗ, ನಿಮ್ಮಿಂದ ನೂರು ಮೈಲಿಗೂ ದೂರದ ಕಡಲಲ್ಲಿ ಹಾದುಹೋಯಿತು. ಅದು ದೂಡಿಕೊಂಡು ಬಂದ ನೀರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಾಮೂಲಿ ಭರತದ ಮಟ್ಟಕ್ಕಿಂತ ಆರಡಿಗೂ ಮೇಲೆ ಏರಿತು. ಭರತದ ಮಟ್ಟವೇ ಸಮುದ್ರಮಟ್ಟಕ್ಕಿಂತ ತುಸು ಮೇಲಿರುತ್ತದೆ, ಹಾಗಾಗಿ ನಿಮ್ಮ ಮನೆಯೊಳಗೆ ಮೂವತ್ತು ಇಂಚು ನಿಂತಿತು ಎಂದರೆ ನೆಲಹಾಸು ಸಮುದ್ರಮಟ್ಟದಿಂದ ಐದಡಿಯ ಆಸುಪಾಸಿನಲ್ಲಿದೆ ಎಂದು ಇಲ್ಲಿ ಕುಳಿತೇ ಲೆಕ್ಕ ಹಾಕಬಲ್ಲೆ. ಮನೆ ಕೊಂಡಾಗಿನ ಕಡತದಲ್ಲಿ ಎಲಿವೇಷನ್ ಸರ್ಟಿಫಿಕೇಟ್ (ನೆಲಹಾಸಿನ ಎತ್ತರ ಬರೆದಿರುವ ಪತ್ರ) ಇರಬಹುದು, ಹುಡುಕಿ. ಇಡೀ ವಿಷಯ ಆ ಒಂದು ಅಂಕಿಯ ಮೇಲೆ ನಿಂತಿದೆ.

ಮಿಲ್ಟನ್‌ನಿಂದ ಬಚಾವಾದೆವು ಎಂದು ಯಜಮಾನರು ಧೈರ್ಯ ತಂದುಕೊಂಡಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ಟ್ಯಾಂಪಾ ಕೊಲ್ಲಿಗೆ ಹತ್ತರಿಂದ ಹದಿನೈದು ಅಡಿ ಕಡಲುಬ್ಬರ ಬರಬಹುದೆಂಬ ಮುನ್ಸೂಚನೆ ಇತ್ತು. ಚಂಡಮಾರುತ ಸ್ವಲ್ಪ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಬಳಿ ದಡ ಹತ್ತಿದ್ದರಿಂದ ಗಾಳಿ ನೆಲದ ಕಡೆಯಿಂದ ಬೀಸಿ ಕೊಲ್ಲಿಯ ನೀರನ್ನೇ ಹೊರಗೆ ಎಳೆಯಿತು. ನಿಮ್ಮ ಊರಿಗೆ ಬಿದ್ದದ್ದು ಹದಿನೆಂಟು ಇಂಚು ಮಳೆ ಮಾತ್ರ. ದಡ ಹತ್ತಿದ ಜಾಗ ಒಂದಿಷ್ಟು ಉತ್ತರಕ್ಕೆ ಸರಿದಿದ್ದರೆ ನಾವು ಇವತ್ತು ರಿಪೇರಿಯ ಮಾತನ್ನೇ ಆಡುತ್ತಿರಲಿಲ್ಲ. ಟ್ಯಾಂಪಾ ಕೊಲ್ಲಿಗೆ ದೊಡ್ಡ ಚಂಡಮಾರುತ ಕೊನೆಯ ಸಲ ನೇರವಾಗಿ ಬಡಿದದ್ದು 1921ರಲ್ಲಿ. ಅಂದರೆ ಈಗಿನ ಬಡಾವಣೆಗಳಿಗೆ ಆ ಪರೀಕ್ಷೆ ಇನ್ನೂ ಆಗಿಯೇ ಇಲ್ಲ.

ಇನ್ನು ಶೇ. 50ರ ಪತ್ರ. ಪ್ರವಾಹ ವಲಯದಲ್ಲಿರುವ ಹಳೆಯ ಮನೆಯ ರಿಪೇರಿ ವೆಚ್ಚ ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧ ಮುಟ್ಟಿದರೆ, ಇಡೀ ಮನೆಯನ್ನು ಇಂದಿನ ನಿಯಮಕ್ಕೆ ತರಬೇಕು, ಎಂದರೆ ಎತ್ತರಿಸಬೇಕು ಅಥವಾ ಕೆಡವಿ ಕಟ್ಟಬೇಕು. ಬಹಳ ಜನ ಎಡವುವುದು ‘ಕಟ್ಟಡದ ಬೆಲೆ’ ಎಂಬಲ್ಲಿ. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. ಉದಾಹರಣೆಗೆ, ಆಸ್ತಿ ಒಟ್ಟು 4,50,000 ಡಾಲರ್ ಬಾಳಿದರೂ 1962ರ ಕಟ್ಟಡಕ್ಕೆ 1,40,000 ಎಂದು ಲೆಕ್ಕವಿದ್ದರೆ ನಿಮ್ಮ ಗಡಿ 70,000. ಮೂವತ್ತು ಇಂಚು ಉಪ್ಪುನೀರು ನಿಂತ ಮನೆಗೆ ಗೋಡೆ, ವೈರಿಂಗ್, ಅಡುಗೆಮನೆ ಎಂದು ಹೊರಟರೆ ಆ ಗಡಿ ಬೇಗ ದಾಟುತ್ತದೆ. ಪರವಾನಗಿ ಇಲ್ಲದೆ ತುಂಡುತುಂಡಾಗಿ ಮಾಡಿಸೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ, ಮಾರುವ ದಿನ ಅದು ನಿಮ್ಮ ಕೊರಳಿಗೇ ಬರುತ್ತದೆ. ಎತ್ತರಿಸುವುದಕ್ಕೆ ಪ್ರವಾಹ ವಿಮೆಯಿಂದ 30,000 ಡಾಲರ್‌ವರೆಗೆ ಪ್ರತ್ಯೇಕ ನೆರವು ಸಿಗಬಹುದು, ಆದರೆ ಕಾಂಕ್ರೀಟ್ ತಳದ ಮೇಲೆ ಕೂತ ಮನೆಯನ್ನು ಎತ್ತುವ ಖರ್ಚಿನಲ್ಲಿ ಅದು ಸಣ್ಣ ಪಾಲು.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಆ ನೆಲ ಬಿಡಿ. ರಾಜ್ಯ ಬಿಡಲೇಬೇಕೆಂದೇನಿಲ್ಲ.

ಬ್ರ್ಯಾಂಡನ್‌ನಿಂದ ಪೂರ್ವಕ್ಕೆ ಹೊರಟರೆ ಲೇಕ್‌ಲ್ಯಾಂಡ್ ಸುಮಾರು ಇನ್ನೂರು ಅಡಿ ಎತ್ತರದಲ್ಲಿದೆ. ಅಲ್ಲಿಗೆ ಕಡಲುಬ್ಬರ ಬರುವುದಿಲ್ಲ. ಆಂಡ್ರ್ಯೂ ಚಂಡಮಾರುತದ ಪಾಠದಿಂದ 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಬಂತು, ಅದಾದ ಮೇಲೆ ಕಟ್ಟಿದ ಮನೆ ನೋಡಿ. ಫೋರ್ಟ್ ಮೈಯರ್ಸ್ ಹತ್ತಿರದ ಬ್ಯಾಬ್‌ಕಾಕ್ ರ‍್ಯಾಂಚ್ ಎಂಬ ಹೊಸ ಊರಿನಲ್ಲಿ ಇಯಾನ್ ಬಡಿದಾಗಲೂ ಕರೆಂಟು ಹೋಗಲಿಲ್ಲ. ಹಾಗೆಂದು ಒಳನಾಡು ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಮಿಲ್ಟನ್ ಮಳೆಗೆ ಹಿಲ್ಸ್‌ಬರೋ ನದಿ ಉಕ್ಕಿ ಕಡಲು ಕಾಣದವರ ಮನೆಗೂ ನೀರು ನುಗ್ಗಿತು. 2024ರ ಅಕ್ಟೋಬರ್ 1ರಿಂದ ಮಾರುವವರು ಹಿಂದಿನ ಪ್ರವಾಹ ವಿಮೆಯ ಕ್ಲೇಮುಗಳನ್ನು ಬರವಣಿಗೆಯಲ್ಲಿ ತಿಳಿಸಬೇಕು. ಆ ಕಾಗದ ಕೈಗೆ ಬಾರದೆ ಸಹಿ ಹಾಕಬೇಡಿ.

ಅಜ್ಜಿಯ ಮಾತು. ಅವರನ್ನು ಎಬ್ಬಿಸಿದವರು ಬೇರೆ, ಎಲ್ಲಿಗೆ, ಯಾವಾಗ ಎಂದು ತೀರ್ಮಾನಿಸಿದವರೂ ಬೇರೆ. ನೀವು ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಯೋಚಿಸುತ್ತಿದ್ದೀರಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನಿಮ್ಮನ್ನು ನೀವು ನೋಯಿಸಿಕೊಳ್ಳಬೇಡಿ.

ಇನ್ನೊಬ್ಬ ಸದಸ್ಯರು (ಆಶ್‌ವಿಲ್, ಉತ್ತರ ಕೆರೊಲಿನಾ):

ಅಕ್ಕ ಹೇಳಿದ್ದು ನಿಜ. ನಾವು ಇಯಾನ್ ಆದ ಮೇಲೆ ಫೋರ್ಟ್ ಮೈಯರ್ಸ್ ಬಿಟ್ಟು ಇಲ್ಲಿಗೆ ಬಂದೆವು. 2,100 ಅಡಿ ಎತ್ತರ, ಕಡಲು ಇನ್ನೂರು ಮೈಲಿಗೂ ಆಚೆ, ಇನ್ನೇನು ಭಯ ಎಂದುಕೊಂಡಿದ್ದೆವು. ಅದೇ ಹೆಲೀನ್‌ನ ಮಳೆಗೆ ಸ್ವಾನನೋವಾ ನದಿ ಊರೊಳಗೆ ಬಂತು. ನಮ್ಮ ಮನೆ ಗುಡ್ಡದ ಮೇಲಿದ್ದುದರಿಂದ ಉಳಿಯಿತು, ಆದರೆ ಐವತ್ತಮೂರು ದಿನ ನಲ್ಲಿಯಲ್ಲಿ ಕುಡಿಯುವ ನೀರು ಬರಲಿಲ್ಲ. ಹಾಗಿದ್ದರೂ ಬಂದದ್ದಕ್ಕೆ ಪಶ್ಚಾತ್ತಾಪವಿಲ್ಲ. ಮೊದಲಿನ ಹಾಗೆ ಪ್ರತಿ ಆಗಸ್ಟ್‌ನಲ್ಲಿ ಎದೆ ಹೊಡೆದುಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು:

ಇನ್ನೊಂದು ತೊಡಕಿದೆ ಅಕ್ಕ. ಮನೆಯವರದು ಇನ್ನೂ ಎಚ್-1ಬಿ ಉದ್ಯೋಗ ವೀಸಾ, ಗ್ರೀನ್ ಕಾರ್ಡ್ ಸರದಿಯಲ್ಲಿದ್ದೇವೆ. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ.

ಉತ್ತರ:

ಇದನ್ನು ಮೊದಲೇ ಹೇಳಿದ್ದರೆ ಇದರಿಂದಲೇ ಶುರು ಮಾಡುತ್ತಿದ್ದೆ. ಮನೆಯಿಂದ ಕೆಲಸ ಮಾಡುವವರಿಗೆ ಮನೆಯೂ ಕೆಲಸದ ಸ್ಥಳ. ಅದು ಬೇರೆ ಮಹಾನಗರ ವ್ಯಾಪ್ತಿಗೆ ಹೋದರೆ ಕಂಪನಿಯವರು ವೀಸಾದ ತಿದ್ದುಪಡಿ ಅರ್ಜಿಯನ್ನು ನೀವು ಸ್ಥಳ ಬದಲಿಸುವ ಮೊದಲೇ ಹಾಕಬೇಕು. ಗ್ರೀನ್ ಕಾರ್ಡಿನ ಕಾಗದಪತ್ರವೂ ಕೆಲಸದ ಊರಿಗೆ ಅಂಟಿಕೊಂಡಿರುತ್ತದೆ. ಲೇಕ್‌ಲ್ಯಾಂಡ್ ಬೇರೆ ವ್ಯಾಪ್ತಿ, ವೆಸ್ಲಿ ಚಾಪೆಲ್ ಟ್ಯಾಂಪಾ ವ್ಯಾಪ್ತಿಯಲ್ಲೇ ಇದೆ. ನಮ್ಮವರು ಬಹಳ ಜನ ಅಲ್ಲಿದ್ದಾರೆ, ಅತ್ತೆಯವರಿಗೂ ಜೊತೆ ಸಿಗುತ್ತದೆ. ಕೊನೆಯ ಮಾತನ್ನು ವೀಸಾ ವಕೀಲರಿಂದಲೇ ಕೇಳಿ, ನಾನು ಕಟ್ಟಡದವಳು.

ಎಲ್ಲಿಗೇ ಹೋದರೂ ಪ್ರವಾಹ ವಿಮೆ ಬೇರೆಯಾಗಿ ಕೊಳ್ಳಿ. ಮನೆವಿಮೆಯಲ್ಲಿ ಅದು ಸೇರಿರುವುದಿಲ್ಲ. ಸರ್ಕಾರಿ ಪಾಲಿಸಿ ಸಾಮಾನ್ಯವಾಗಿ ಮೂವತ್ತು ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ, ಕಟ್ಟಡಕ್ಕೆ ಪರಿಹಾರ ಹೆಚ್ಚೆಂದರೆ 2,50,000 ಡಾಲರ್. ಜೂನ್ 1ಕ್ಕೆ ಚಂಡಮಾರುತದ ಋತು ಶುರು, ಏಪ್ರಿಲ್ ಕೊನೆಯೊಳಗೆ ಕೈಸೇರುವಂತೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು (ಮರುದಿನ):

ಕಡತ ಸಿಕ್ಕಿತು ಅಕ್ಕ, ಅಂಚೆಲ್ಲ ಉಪ್ಪು ಹಿಡಿದು ಅಂಟಿಕೊಂಡಿತ್ತು. ನೆಲಹಾಸು 4.9 ಅಡಿ. ಮನೆಯವರು ಅದನ್ನು ಎರಡು ಸಲ ಓದಿ ಏನೂ ಮಾತನಾಡಲಿಲ್ಲ. ರಾತ್ರಿ ಊಟ ಮಾಡುವಾಗ, ಶನಿವಾರ ವೆಸ್ಲಿ ಚಾಪೆಲ್ ಕಡೆ ಹೋಗಿಬರೋಣ ಎಂದರು.