ಹೊಸ ಕ್ಯಾಮೆರಾ, ಮಸುಕು ಮಿಂಚುಳ್ಳಿ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು. ಇಷ್ಟು ವರ್ಷ ಕ್ಯಾನನ್ 700ಡಿ ಇತ್ತು, ಹೋದ ವಾರ ಸೆಕೆಂಡ್ ಹ್ಯಾಂಡ್ 90ಡಿ ತಗೊಂಡೆ. ಕೈಗೆ ಸ್ವಲ್ಪ ಭಾರ, ಆದರೆ ಹಿಡಿತ ಚೆನ್ನಾಗಿದೆ. ಸೆಕೆಂಡಿಗೆ 10 ಫೋಟೊ! ಆ ಟಕಟಕ ಸದ್ದಿಗೇ ಸೋತುಹೋದೆ.

ಭಾನುವಾರ ಬೆಳಿಗ್ಗೆ ಆನೆಗೊಂದಿ ಹೊಳೆ ದಂಡೆಯಲ್ಲಿ ಬಂಡೆ ಮೇಲೆ ಕೂತ ಮಿಂಚುಳ್ಳಿ ಸಿಕ್ಕಿತು. ಕ್ಯಾಮೆರಾ ಸ್ಕ್ರೀನಲ್ಲಿ ಸೂಪರ್. ಮನೆಗೆ ಬಂದು ಕಂಪ್ಯೂಟರಲ್ಲಿ ದೊಡ್ಡದು ಮಾಡಿದರೆ ಕಣ್ಣು, ಕೊಕ್ಕು ಎಲ್ಲ ಮಸುಕು. ಕಾಲಡಿಯ ಬಂಡೆ ಮಾತ್ರ ಕಣಕಣವೂ ಸ್ಪಷ್ಟ!

ಹಳೆಯದರಲ್ಲಿ 9 ಫೋಕಸ್ ಪಾಯಿಂಟ್ (ಚಿತ್ರದಲ್ಲಿ ಕ್ಯಾಮೆರಾ ಫೋಕಸ್ ಹಿಡಿಯುವ ಜಾಗ), ಸುಮ್ನೆ ನಡುವಿನದು ಇಟ್ಟುಕೊಳ್ಳುತ್ತಿದ್ದೆ. ಇದರಲ್ಲಿ 45, ಆಯ್ಕೆ ಕ್ಯಾಮೆರಾಗೇ ಬಿಟ್ಟಿದ್ದೆ. ತಪ್ಪು ಅಲ್ಲೇ ಆಯ್ತಾ? ಹಕ್ಕಿಗೆ ಒಂದೇ ಪಾಯಿಂಟ್ ಸಾಕಾ? ಇಲ್ಲ, ಇದರ 32.5 ಮೆಗಾಪಿಕ್ಸೆಲ್‌ಗೆ ನನ್ನ ಹಳೇ 55-250 ಎಂಎಂ ಜೂಮ್ ಲೆನ್ಸ್ ಸಾಲಲ್ವಾ? ಬಳಸಿದವರು ಹೇಳಿ. ಇನ್ನೊಂದು ಲೆನ್ಸ್ ಅಂದರೆ ಮನೆಯಲ್ಲಿ ಊಟ ಸಿಗಲ್ಲ.