5×8 ಅಡಿ ಬಚ್ಚಲಿಗೆ ಯಾವ ಬಾತ್‌ಟಬ್? (ಬಳ್ಳಾರಿ, ಮೊದಲನೇ ಮಹಡಿ)

ಪ್ರಶ್ನೆ (ಬಳ್ಳಾರಿ):
ಮಹಡಿ ಮೇಲಿನ ಬಚ್ಚಲು ಹೊಸದಾಗಿ ಮಾಡಿಸ್ತಿದ್ದೇವೆ. ಹಳೇ ಟೈಲ್ಸ್, ಗಿಲಾವ್ ಎಲ್ಲ ಕಿತ್ತಾಗಿದೆ. ಇಟ್ಟಂಗಿಯಿಂದ ಇಟ್ಟಂಗಿಗೆ 5 ಅಡಿ ಅಗಲ, 8 ಅಡಿ ಉದ್ದ. ಆರ್‌ಸಿಸಿ ಸ್ಲ್ಯಾಬ್, ಬಚ್ಚಲ ಜಾಗದಲ್ಲಿ 9 ಇಂಚು ತಗ್ಗಿದೆ. ಬೋರ್ ನೀರು, ಸವಳು. 25 ಲೀಟರ್ ಗೀಜರ್ ಇದೆ. 5 ಅಡಿಯ ಅಕ್ರಿಲಿಕ್ ಟಬ್ಬೋ, ಜೆಟ್ (ಪಂಪಿನಿಂದ ನೀರು ಚಿಮ್ಮಿಸೋ ತೂತು) ಇರೋದೋ, ಇಲ್ಲಾ ಗವಂಡಿ ಕೈಲಿ ಕಟ್ಟಿಸಿ ಟೈಲ್ಸ್ ಹಾಕಿಸೋದೋ? ಮಂಡಿನೋವಿರುವ ಅಮ್ಮನೂ ಬಳಸ್ತಾರೆ.

ಉತ್ತರ 1 (ಗಂಗಾವತಿ, ಸ್ಯಾನಿಟರಿ ಅಂಗಡಿ):
ಮೊದಲು ಅಳತೆ ಸರಿ ಮಾಡಿಕೊಳ್ಳಿ. ಗಿಲಾವ್, ಅಂಟು, ಟೈಲ್ಸ್ ಸೇರಿ ಒಂದೊಂದು ಗೋಡೆಗೆ ಹತ್ತಿರ ಹತ್ತಿರ 25 ಮಿ.ಮೀ. ಹೋಗುತ್ತದೆ. 5 ಅಡಿ ಅಂದರೆ 1524 ಮಿ.ಮೀ., ಅದರಲ್ಲಿ ಉಳಿಯೋದು 1474. ಅಂಗಡಿಯಲ್ಲಿ "5 ಅಡಿ" ಅಂತ ಮಾರುವ ಟಬ್ ಸಾಮಾನ್ಯವಾಗಿ 1500 ಮಿ.ಮೀ. ಇರುತ್ತದೆ. ಟೈಲ್ಸ್ ಮುಗಿಸಿ ಟಬ್ ತಂದರೆ ಒಳಗೆ ಕೂರೋದೇ ಇಲ್ಲ. ಗಿಲಾವ್ ಆದ ಮೇಲೆ ಟಬ್ ಕೂರಿಸಿ, ಅದರ ಅಂಚಿನ ಮೇಲೆ ಟೈಲ್ಸ್ ಇಳಿಸಿ. ಹಾಗೆ ಮಾಡಿದರೆ ಗೋಡೆ ನೀರು ಟಬ್ಬಿನೊಳಗೇ ಬೀಳುತ್ತದೆ.

ಅಕ್ರಿಲಿಕ್ ತಗೊಳ್ಳಿ, ಆದರೆ ಹಿಂಭಾಗ ತಿರುಗಿಸಿ ನೋಡಿ. ಫೈಬರ್ ಪದರ ಒಂದೇ ಸಮ ಇರಬೇಕು, ತಳದಲ್ಲಿ ಹಲಗೆ ಕೂರಿಸಿರಬೇಕು. ಅಂಗಡಿಯಲ್ಲೇ ಅಂಗೈ ಊರಿ ತಳ ಒತ್ತಿ. ಒಳಕ್ಕೆ ಬಾಗಿ "ಟಕ್" ಅಂದರೆ ಬಿಟ್ಟುಬಿಡಿ. ಅಂಥ ಟಬ್ಬಿನಲ್ಲಿ ಜನ ನಿಂತಾಗ ಮೊದಲು ಬಿರುಕು ಬಿಡೋದು ಡ್ರೈನ್ ಸುತ್ತ.

ಜೆಟ್ ಬೇಡ. ಸವಳು ನೀರಿಗೆ ಜೆಟ್ಟಿನ ಬಾಯಿ, ಪಂಪು ಎರಡರಲ್ಲೂ ಸುಣ್ಣ ಕಟ್ಟುತ್ತದೆ. ಒಳಗಿನ ಪೈಪಿನಲ್ಲಿ ನಿಂತ ನೀರು ನಾರುತ್ತದೆ.

ಉತ್ತರ 2 (ರಾಯಚೂರು, ಪ್ಲಂಬಿಂಗ್ ಕಂತ್ರಾಟ್):
ಕಟ್ಟಿಸೋ ಟಬ್ ಬ್ಯಾಡ್ರಿ. ಟೈಲ್ಸ್ ಸಂದಿ ಎಷ್ಟು ತುಂಬಿದ್ರೂ ನೀರು ಒಳಗ ಹೊಕ್ಕೇ ಹೊಗ್ತದ, ಕೆಳಗಿನ ಮನಿ ಛತ್ತಿಗೆ ತೇವ ಕಾಣೋತನಕ ಗೊತ್ತೇ ಆಗಂಗಿಲ್ಲ. ಮ್ಯಾಲೆ ಇಟ್ಟಂಗಿ ಭಾರ ಬ್ಯಾರೆ.

ಅಕ್ರಿಲಿಕ್ ಟಬ್ 25-30 ಕಿಲೋ, ನೀರು 150, ಮನುಷ್ಯಾ 70 ಅಂತ ಹಿಡೀರಿ, 250 ಕಿಲೋ ಆಯ್ತು. ಆರ್‌ಸಿಸಿ ಸ್ಲ್ಯಾಬ್ ಸೋರದೆ, ಕಬ್ಬಿಣ ತುಕ್ಕು ಹಿಡೀದೆ ಇದ್ರ ತಡೀತದ. ಬೀಡು ಕಬ್ಬಿಣದ ಟಬ್ ಬರೇ ಖಾಲಿನೇ 100 ಕಿಲೋ ದಾಟ್ತದ, ಮಹಡಿ ಮ್ಯಾಲೆ ಅದರ ಆಸೆ ಬಿಡ್ರಿ. ಹಳೇ ಕಲ್ಲಿನ ಬಂಡಿ ಹಾಸಿದ ಮಾಳಗಿ ಆದ್ರ ಯಾವ ಟಬ್ಬೂ ಬ್ಯಾಡ.

ನಮ್ಮ ಕಡಿ ಬಾಳ ಮಂದಿ ಮಾಡೋ ತಪ್ಪು ಅಂದ್ರ, ಟಬ್ಬಿನ ನೀರು ಅದರ ಕೆಳಗಿನ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗೋ ಜಾಲರಿ ಕಿಂಡಿ) ಮ್ಯಾಲೆ ಹಂಗೇ ಸುರಿಯಂಗ ಬಿಡೋದು. ಕೂದಲು, ಸಾಬೂನಿನ ಜಿಡ್ಡು ತಳದಾಗ ಕುಂದ್ರತಾವ, ಜಿರಳಿ ಆಗ್ತಾವ. 40 ಮಿ.ಮೀ. ಪೈಪಿಗೆ ಪಿ-ಟ್ರ್ಯಾಪ್ (ವಾಸನಿ ಬರದಂಗ ನೀರು ಹಿಡಿದಿಡೋ ಬಾಗಿದ ಪೈಪು) ಹಾಕಿ, ಮೀಟರಿಗೆ 20 ಮಿ.ಮೀ. ಇಳಿಜಾರು ಕೊಟ್ಟು, 75 ಮಿ.ಮೀ. ಲೈನಿಗೆ ಜೋಡಸ್ರಿ. ಓವರ್‌ಫ್ಲೋ (ಟಬ್ ತುಂಬಿ ಹೆಚ್ಚಾದ ನೀರು ಹೋಗೋ ಪೈಪು) ಟ್ರ್ಯಾಪಿಗಿಂತ ಮೊದಲೇ ಸೇರ್ಬೇಕು. ಡ್ರೈನ್ ಇರೋ ಕಡಿ 12×12 ಇಂಚಿನ ತೆಗಿಯೋ ಬಾಗಲಾ ಬಿಡ್ರಿ, ಇಲ್ಲಾಂದ್ರ ನಾಳೆ ಟೈಲ್ಸ್ ಒಡೀಬೇಕಾಗ್ತದ.

ತಗ್ಗು ತುಂಬೋಕಿಂತ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ಗ್ವಾಡಿಗೂ ಒಂದು ಅಡಿ ಏರಿಸಿ, 48 ತಾಸು ನೀರು ನಿಲ್ಲಸ್ರಿ. ಗಿಲಾವ್ ಮಾಡೋಕ ಅವಸರ ಪಡೋ ಗವಂಡಿ ಮಾತು ಕೇಳಬ್ಯಾಡ್ರಿ.

ಪ್ರಶ್ನೆ ಕೇಳಿದವರು:
25 ಲೀಟರ್ ಗೀಜರ್ ಸಾಲುತ್ತಾ? ಅಮ್ಮನಿಗೆ ಅಂಚು ಎಷ್ಟು ಎತ್ತರ ಇದ್ದರೆ ಸರಿ?

ಉತ್ತರ 3 (ಸಿಂಧನೂರು):
ಸಾಲಲ್ಲ. ಟ್ಯಾಂಕಿನ ನೀರು 28 ಡಿಗ್ರಿ, ಗೀಜರ್ 65 ಅಂತ ಲೆಕ್ಕ ಹಾಕಿದರೆ, 25 ಲೀಟರಿನಿಂದ 40 ಡಿಗ್ರಿಯ ನೀರು 75 ಲೀಟರ್ ಆಸುಪಾಸು ಬರುತ್ತದೆ. ಟಬ್ಬಿಗೆ ಬೇಕಾದ್ದು 120-150. ಒಂದೋ 50 ಲೀಟರಿನದು ಹಾಕಿ, ಇಲ್ಲವೇ ಸೋಲಾರ್ ಇದ್ದರೆ ಅದರ ಲೈನ್ ತನ್ನಿ. ಏಪ್ರಿಲ್-ಮೇನಲ್ಲಿ ಟ್ಯಾಂಕಿನ ನೀರೇ ಕಾದಿರುತ್ತದೆ, ಆಗ ಈ ಲೆಕ್ಕ ಬೇಕಿಲ್ಲ. ಟಬ್ಬಿನ ನಲ್ಲಿಗೆ ಅರ್ಧ ಇಂಚಲ್ಲ, ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಡೆಯೋ ಪ್ಲಾಸ್ಟಿಕ್ ಪೈಪು) ಎಳೆಯಿರಿ. ನಿಮಿಷಕ್ಕೆ 8 ಲೀಟರ್ ಬಂದರೂ ತುಂಬೋಕೆ 20 ನಿಮಿಷ ಬೇಕು.

ಅಮ್ಮ ಬಳಸೋದಾದರೆ ಟಬ್ ಬೇಕೇ ಅಂತ ಇನ್ನೊಮ್ಮೆ ಯೋಚಿಸಿ. ಬೇಕೇ ಬೇಕು ಅಂದರೆ ಅಂಚು ನೆಲದಿಂದ 16-18 ಇಂಚು ದಾಟಬಾರದು. 9 ಇಂಚಿನ ತಗ್ಗು ಇರೋದರಿಂದ ಟಬ್ ಸ್ವಲ್ಪ ಇಳಿಸಬಹುದು, ಟ್ರ್ಯಾಪಿಗೆ ಜಾಗ ಉಳಿಸಿ. ಹಿಡಿಗಂಬಿ ಮುಖ್ಯ. ಅದರ ಜಾಗ ಗಿಲಾವ್ ಮುಂಚೆಯೇ ಗುರುತು ಮಾಡಿ, ಇಟ್ಟಂಗಿಗೇ ಬೋಲ್ಟ್ ಹೋಗಲಿ. ಬರೇ ಟೈಲ್ಸಿಗೆ ಹಿಡಿಸಿದ ಗಂಬಿ ಭಾರಕ್ಕೆ ಕಿತ್ತು ಬರುತ್ತದೆ.

ಉತ್ತರ 1ರವರು:
ಒಂದು ಬಿಟ್ಟುಹೋಗಿತ್ತು. ಅಂಚಿಗೆ ಸಿಲಿಕಾನ್ ಹಾಕುವಾಗ ಟಬ್ಬಿನಲ್ಲಿ ಮುಕ್ಕಾಲು ಭಾಗ ನೀರು ತುಂಬಿಟ್ಟು ಹಾಕಿಸಿ, ಒಣಗೋವರೆಗೆ, ಅಂದರೆ 24 ಗಂಟೆ, ಖಾಲಿ ಮಾಡಬೇಡಿ. ಖಾಲಿ ಟಬ್ಬಿಗೆ ಹಾಕಿದರೆ ಮೊದಲ ಸಲ ನೀರು ತುಂಬಿದಾಗಲೇ ಅಂಚು ಕುಸಿದು ಸಂದಿ ಬಿಡುತ್ತದೆ. ಸುಣ್ಣದ ಕಲೆಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಒಂದು ಚಮಚ ಒಂದು ಲೀಟರ್ ನೀರಿಗೆ ಹಾಕಿ ಒರೆಸಿ. ಟಾಯ್ಲೆಟ್ ಆಸಿಡ್, ಥಿನ್ನರ್, ಉಜ್ಜೋ ಪುಡಿ ಮುಟ್ಟಿಸಿದರೆ ಅಕ್ರಿಲಿಕ್ ಹೊಳಪು ಮತ್ತೆ ಬರಲ್ಲ.